ಕಿಡ್ನಿ ಅತ್ತೆಯದು, ಬೂಷ್ಟು ಸೊಸೆಯದು

ಚರ್ಮರೋಗ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಅಂಬಲಪಾಡಿಯ ನಮ್ಮ ಮನೆಗೆ ಬಂದುಹೋಗುತ್ತಾರೆ. ಚಹಾ ಕುಡಿದು, ಗೋಳಿಬಜೆ ತಿಂದು, ಕೊನೆಗೆ ಕೇಳುವುದು ಒಂದೇ ಪ್ರಶ್ನೆ: "ಮೇಡಂ, ಲೇಸರ್ ಕಲಿತರೆ ಒಳ್ಳೆಯದಾ, ಕೂದಲು ನೆಡುವುದು ಕಲಿತರೆ ಒಳ್ಳೆಯದಾ?"

"ಬೂಷ್ಟು ಕಲಿಯಿರಿ" ಎನ್ನುತ್ತೇನೆ ನಾನು.

ತಮಾಷೆ ಎಂದುಕೊಂಡು ಅವರು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಈ ವೃತ್ತಿಯಲ್ಲಿ ನಾನು ಪಟ್ಟ ಸುಖದಲ್ಲಿ ಮುಕ್ಕಾಲು ಪಾಲು ಬೂಷ್ಟಿನಿಂದಲೇ ಬಂದದ್ದು. ಬಡ್ತಿ ಯಾವಾಗ ಬಂತು, ಕುರ್ಚಿ ಯಾವಾಗ ದೊಡ್ಡದಾಯಿತು ಎಂಬುದು ನನಗೇ ಸರಿಯಾಗಿ ನೆನಪಿಲ್ಲ. ಲವೀನಾಳ ಪಾದದ ಗಂಟು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಅದನ್ನೇ ಬರೆಯುತ್ತೇನೆ.

ನಾನು ದುಡಿದ ಆಸ್ಪತ್ರೆಯ ಹೆಸರು ಬೇಡ. ಉಡುಪಿಗೂ ಮಣಿಪಾಲಕ್ಕೂ ನಡುವೆ ಎಲ್ಲೋ ಒಂದು ಕಡೆ ಎಂದಿಟ್ಟುಕೊಳ್ಳಿ. ಅಲ್ಲಿ ಎಲ್ಲರೂ ಬೆನ್ನ ಹಿಂದೆ ನನ್ನನ್ನು ‘ಬೂಷ್ಟು ಡಾಕ್ಟ್ರು’ ಎನ್ನುತ್ತಿದ್ದರು. ಆಮೇಲೆ ಆಮೇಲೆ ಎದುರಿಗೇ ಅನ್ನತೊಡಗಿದರು. ಮಳೆಗಾಲದಲ್ಲಿ ನಮ್ಮ ಚಪ್ಪಲಿ, ಬೆಲ್ಟು, ಬೀರುವಿನ ರೇಷ್ಮೆ ಸೀರೆ ಯಾವುದನ್ನೂ ಬಿಡದೆ ಹಿಡಿಯುತ್ತದಲ್ಲ, ಅದೇ ಬೂಷ್ಟು. ಮಣ್ಣಿನಲ್ಲಿ, ಒಣ ಕಟ್ಟಿಗೆಯಲ್ಲಿ, ಗಾಳಿಯಲ್ಲಿ ಅದರ ಅಣ್ಣತಮ್ಮಂದಿರು ತುಂಬಿಕೊಂಡಿದ್ದಾರೆ. ಗಟ್ಟಿಮುಟ್ಟಾದವರ ಮೈ ಅವರನ್ನು ಬಾಗಿಲಲ್ಲೇ ಹೊಡೆದಟ್ಟುತ್ತದೆ. ಆದರೆ ಬೇರೆಯವರ ಕಿಡ್ನಿ ಕಸಿ ಮಾಡಿಸಿಕೊಂಡವರ ಕಥೆ ಬೇರೆ. ಬಂದ ಕಿಡ್ನಿಯನ್ನು ಮೈ ‘ಇದು ನನ್ನದಲ್ಲ’ ಎಂದು ಆಚೆ ನೂಕದಿರಲಿ ಎಂದು ಅವರು ಜೀವಮಾನವಿಡೀ ಮಾತ್ರೆ ನುಂಗಬೇಕು. ಆ ಮಾತ್ರೆ ಮೈಯ ಕಾವಲನ್ನೇ ಮಂಪರಿಗೆ ಕಳಿಸುತ್ತದೆ. ಆಗ ಯಾರನ್ನೂ ಕಾಡದ ಪಾಪದ ಬೂಷ್ಟು ಕೂಡ ಚರ್ಮದೊಳಗೆ ಹೊಕ್ಕು ಸಂಸಾರ ಹೂಡುತ್ತದೆ. ಅವಕಾಶ ಸಿಕ್ಕಿದಾಗ ಬರುವ ನೆಂಟರು ಇವರು.

ಇವರನ್ನು ಗುರುತು ಹಿಡಿಯಲು ನನಗೆ ಕಲಿಸಿದವರು ನಮ್ಮ ವಿಭಾಗದ ಮುಖ್ಯಸ್ಥರಾಗಿದ್ದ ಸೀತಾರಾಮ ಸರ್. ಕಾರ್ಕಳದವರು. ಉದ್ದ ಮೈ, ಸಣ್ಣ ತಲೆ, ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ. ಬೇರೆ ವಿಭಾಗದ ದೊಡ್ಡವರು ವಿದೇಶದ ಸಮ್ಮೇಳನಗಳಿಗೆ ಹೋಗಿ ಬಂದು ಎದೆ ಉಬ್ಬಿಸಿದರೆ, ನಮ್ಮ ಸರ್ ಗಾಜಿನ ತಟ್ಟೆಯಲ್ಲಿ ಒಂದು ಹೊಸ ಬಣ್ಣದ ಬೂಷ್ಟು ಎದ್ದರೆ ಎದೆ ಉಬ್ಬಿಸುತ್ತಿದ್ದರು. ನಮ್ಮ ವಿಭಾಗದ ಮೂಲೆಯಲ್ಲಿದ್ದ ಸಣ್ಣ ಪ್ರಯೋಗಶಾಲೆ ಅವರಿಗೆ ದೇವರಕೋಣೆ.

ಆ ದೇವರಕೋಣೆಯಲ್ಲಿ ಒಮ್ಮೆ ಅನಾಹುತವಾಯಿತು. ಒಂದು ಮಳೆಗಾಲ ಬೆಳೆಸಿಟ್ಟ ತಟ್ಟೆಗಳಲ್ಲೆಲ್ಲ ಒಂದೇ ಹಸಿರು ಬೂಷ್ಟು ಎದ್ದಿತು. ಕೈಯದು, ಉಗುರಿನದು, ತಲೆಯದು, ಯಾರ ಮಾದರಿ ನೋಡಿದರೂ ಅದೇ. ಸರ್ ಬೆಚ್ಚಿಬಿದ್ದರು. "ಸುನೀತಾ, ಇದು ಸಾಂಕ್ರಾಮಿಕ! ಇಡೀ ಜಿಲ್ಲೆಗೆ ಹಬ್ಬಿದೆ! ಪ್ರಬಂಧ ಬರೆಯಬೇಕು!" ಎಂದು ಓಡಾಡಿದರು. ನಾನು ಬೆಳೆಸುವ ಪೆಟ್ಟಿಗೆಯ ಕೆಳಗಿನ ಅರೆಗೆ ಕೈಹಾಕಿದಾಗ ಬಟ್ಟೆಯ ಗಂಟೊಂದು ಸಿಕ್ಕಿತು. ಬಿಚ್ಚಿದರೆ ಹಲಸಿನ ಹಪ್ಪಳ. ಮಳೆಯಲ್ಲಿ ಮೆತ್ತಗಾಗಬಾರದೆಂದು ಬೆಚ್ಚಗಿನ ಪೆಟ್ಟಿಗೆಯಲ್ಲಿ ಯಾರೋ ಇಟ್ಟಿದ್ದಾರೆ. ಹಪ್ಪಳದ ಮೇಲೂ ಅದೇ ಹಸಿರು. ಸರ್ ಗಂಟನ್ನು ನೋಡಿದರು, ನನ್ನನ್ನು ನೋಡಿದರು. "ಇದು ನಮ್ಮ ಮನೆಯ ಬಟ್ಟೆಯ ಹಾಗೆ ಕಾಣ್ತದಲ್ಲ" ಎಂದರು. ನಾನು ನೆಲದ ಮೇಲೆ ಕುಳಿತು ನಕ್ಕೆ. ಪ್ರಬಂಧ ಅಲ್ಲಿಗೇ ನಿಂತಿತು.

ಅಂಥ ಸರ್ ಒಂದು ವಿಷಯದಲ್ಲಿ ಮಾತ್ರ ತಮಾಷೆ ಸಹಿಸುತ್ತಿರಲಿಲ್ಲ. ಚರ್ಮದ ಗಂಟಿನಿಂದ ತುಂಡು ತೆಗೆದರೆ ಅರ್ಧ, ಕೊಳೆಯದಂತೆ ಇಡುವ ಫಾರ್ಮಾಲಿನ್‌ಗೆ ಹೋಗಬೇಕು, ಅರ್ಧ ಬರೀ ಉಪ್ಪುನೀರಿಗೆ, ಅಂದರೆ ಸಲೈನ್‌ಗೆ. ಫಾರ್ಮಾಲಿನ್‌ಗೆ ಬಿದ್ದ ಬೂಷ್ಟು ಸತ್ತುಹೋಗುತ್ತದೆ, ಮತ್ತೆ ಬೆಳೆಯುವುದಿಲ್ಲ. ಲವೀನಾಳ ವಿಷಯದಲ್ಲಿ ಆದ ಮೊದಲ ಎಡವಟ್ಟೇ ಇದು.

ಲವೀನಾ ಕಾಪುವಿನಿಂದ ಒಳಗೆ, ಶಂಕರಪುರದ ಕಡೆಯವಳು. ಮೂವತ್ತರ ಆಸುಪಾಸು. ಮನೆಯ ಸುತ್ತ ಮಲ್ಲಿಗೆ ತೋಟ. ಗಂಡ ರೋಶನ್ ಕುವೈತ್‌ನಲ್ಲಿ. ಮದುವೆಯಾಗಿ ಕೆಲವೇ ವರ್ಷಗಳಲ್ಲಿ ಅವಳ ಎರಡೂ ಕಿಡ್ನಿ ಕೈಕೊಟ್ಟವು. ರೋಶನ್‌ನ ರಕ್ತದ ಗುಂಪು ಹೊಂದಲಿಲ್ಲ. ಅವಳ ತಾಯಿ ಇಲ್ಲ, ತಂದೆಗೆ ಸಕ್ಕರೆ ಕಾಯಿಲೆ. ಆಗ ಮುಂದೆ ಬಂದವರು ಅತ್ತೆ ಜೂಲಿಯಾನಾ ಬಾಯಿ. ಮನೆಯೊಳಗೆ ಹಾವು ಮುಂಗುಸಿಯಂತಿದ್ದ ಅತ್ತೆ ಸೊಸೆ. ಅತ್ತೆ ಸೊಸೆಗೆ ಕಿಡ್ನಿ ಕೊಡಬೇಕಾದರೆ ಒಂದು ಸಮಿತಿಯ ಒಪ್ಪಿಗೆ ಬೇಕು. ಒತ್ತಾಯ ಉಂಟೋ, ಆಮಿಷ ಉಂಟೋ ಎಂದು ಅವರು ಕೇಳುತ್ತಾರೆ. ‘ನೀವು ಯಾಕೆ ಕೊಡ್ತೀರಿ?’ ಎಂದದ್ದಕ್ಕೆ ಜೂಲಿಯಾನಾ ಬಾಯಿ, "ಇವಳು ಹೋದರೆ ನಾನು ಜಗಳ ಯಾರತ್ರ ಮಾಡೂದು? ಗೋಡೆ ಹತ್ರ ಮಾಡ್ಲಿಕ್ಕಾಗ್ತದಾ?" ಎಂದರಂತೆ. ಸಮಿತಿಯವರು ನಕ್ಕು ಒಪ್ಪಿಗೆ ಕೊಟ್ಟರಂತೆ.

ಬೇರೆ ಊರಿನಲ್ಲಿ ಕಸಿಯಾಯಿತು. ಎಲ್ಲವೂ ಸುಸೂತ್ರ. ಮರುವರ್ಷ ಲವೀನಾಳ ಎಡ ಪಾದದ ಮೇಲೆ ಒಂದು ಗಂಟು ಎದ್ದಿತು. ನೋವಿಲ್ಲ, ಜ್ವರವಿಲ್ಲ. ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೊಯ್ದು ತೆಗೆದು, ತೆಗೆದದ್ದನ್ನೆಲ್ಲ ಫಾರ್ಮಾಲಿನ್‌ಗೆ ಹಾಕಿದರು. ವರದಿಯಲ್ಲಿ ಏನೂ ಸ್ಪಷ್ಟವಿರಲಿಲ್ಲ. ಗಂಟು ಮತ್ತೆ ಎದ್ದಿತು, ಮೊದಲಿಗಿಂತ ದಪ್ಪಗೆ. ಕಸಿಯಾದವರಿಗೆ ಕ್ಯಾನ್ಸರ್ ಬರುವುದುಂಟು ಎಂದು ಯಾರೋ ಹೇಳಿದರು. ಆ ಮಾತು ಕೇಳಿದ ಮೇಲೆ ಇಬ್ಬರೂ ನಿದ್ದೆ ಮಾಡದೆ ನಮ್ಮಲ್ಲಿಗೆ ಬಂದರು.

ಬಾಗಿಲು ತೆರೆದು ಮೊದಲು ಒಳಗೆ ಬಂದದ್ದು ಅತ್ತೆ. ಕುಳಿತುಕೊಳ್ಳುವ ಮೊದಲೇ, "ಡಾಕ್ಟ್ರೇ, ನನ್ನ ಕಿಡ್ನಿಗೆ ಎಂತ ಆಗಿದೆ ನೋಡಿ" ಎಂದರು.

ನಾನು ಅವರ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿ ನಾಡಿ ನೋಡತೊಡಗಿದೆ. ಹಿಂದಿನಿಂದ ಸಣ್ಣ ಸ್ವರ ಬಂತು.

"ಡಾಕ್ಟ್ರೇ, ಪೇಶೆಂಟ್ ನಾನು. ಮಾಂಯ್ ಹೇಳುವ ಕಿಡ್ನಿ ನನ್ನ ಹೊಟ್ಟೆಯಲ್ಲಿ ಉಂಟು."

ಮಾಂಯ್ ಎಂದರೆ ಅವರ ಕೊಂಕಣಿಯಲ್ಲಿ ಅತ್ತೆ.

ಗಂಟನ್ನು ಒತ್ತಿ ನೋಡಿದೆ. ಒಳಗೆ ದ್ರವ ಇದ್ದ ಹಾಗಿತ್ತು. ಸೂಜಿ ಹಾಕಿ ಎಳೆದಾಗ ಕಂದು ಬಣ್ಣದ ಗಟ್ಟಿ ಕೀವು ಬಂತು. ಒಂದು ಹನಿಯನ್ನು ಗಾಜಿನ ಮೇಲಿಟ್ಟು ಕೀವನ್ನು ಕರಗಿಸುವ ಪೊಟ್ಯಾಶ್ ದ್ರಾವಣ ಹಾಕಿ, ಪಕ್ಕದ ಕೋಣೆಯ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಮಕ್ಕಳೇ, ಆ ಕ್ಷಣವನ್ನು ಹೇಗೆ ಹೇಳಲಿ! ಮಸುಕು ಕೀವಿನ ನಡುವೆ ಕಂದು ಎಳೆಗಳು, ಮಣಿ ಪೋಣಿಸಿದ ಹಾಗೆ ಗಂಟು ಗಂಟಾಗಿ, ತಮ್ಮದೇ ಬಣ್ಣದಲ್ಲಿ ಹೊಳೆಯುತ್ತಿವೆ. ಬಣ್ಣ ಹಾಕಿ ನೋಡುವ ಅಗತ್ಯವೇ ಇಲ್ಲ. ಕಪ್ಪು ಬೂಷ್ಟು! ಕ್ಯಾನ್ಸರ್ ಅಲ್ಲ!

"ಸಿಕ್ಕಿತು!" ಎಂದು ಕಿರುಚಿದೆ. "ಸರ್, ಬನ್ನಿ, ಸಿಕ್ಕಿತು!"

ಸರ್ ಓಡಿ ಬರುವ ಭರದಲ್ಲಿ ಒಂದು ಚಪ್ಪಲಿ ಕಾರಿಡಾರಿನಲ್ಲೇ ಉಳಿಯಿತು. ಕಣ್ಣಿಟ್ಟು ನೋಡಿ, "ಆಹಾ, ಏನು ಚಂದ, ಏನು ಚಂದ" ಎಂದು ಒಂಟಿ ಚಪ್ಪಲಿಯಲ್ಲೇ ಕುಣಿದರು. ನಾನೂ ಕುಣಿದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ ಸೊಸೆ ಇಬ್ಬರೂ ಬಿಳುಚಿಕೊಂಡು ನಿಂತಿದ್ದಾರೆ.

"ಎಂತ ಸಿಕ್ಕಿದ್ದು?" ಎಂದು ಕೇಳಿದಳು ಲವೀನಾ.

"ಬೂಷ್ಟು. ಬರೀ ಬೂಷ್ಟು. ಗುಣ ಆಗ್ತದೆ."

ಜೂಲಿಯಾನಾ ಬಾಯಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ಮರುಕ್ಷಣ ಧ್ವನಿ ಏರಿತು. "ಅಲ್ಲ ಮಾರಾಯ್ರೆ, ನಮ್ಮ ಹುಡುಗಿಯ ಕಾಲಲ್ಲಿ ಬೂಷ್ಟು ಬೆಳೆದದ್ದಕ್ಕೆ ನಿಮಗೆ ಹಬ್ಬವಾ?"

ನೆನಪಿಡಿ: ಕುಣಿಯುವ ಮೊದಲು ರೋಗಿಗೆ ವಿಷಯ ಹೇಳಬೇಕು. ಆಮೇಲೆ ಬೇಕಾದಷ್ಟು ಕುಣಿಯಬಹುದು.

ಅವರು ಹೊರಡುವ ಹೊತ್ತಿಗೆ ಲವೀನಾ ಮದ್ದಿನಂಗಡಿಯ ಸಾಲಿನಲ್ಲಿ ನಿಂತಳು. ಜೂಲಿಯಾನಾ ಬಾಯಿ ಒಬ್ಬರೇ ಹಿಂದೆ ಬಂದರು. ಆ ಜೋರು ಧ್ವನಿ ಎಲ್ಲಿಗೆ ಹೋಗಿತ್ತೋ.

"ಡಾಕ್ಟ್ರೇ, ಒಂದು ಕೇಳ್ಲಿಕ್ಕುಂಟು. ನಾನು ಸಣ್ಣಂದಿನಿಂದ ಕೆಸರಲ್ಲೇ ಕೆಲಸ ಮಾಡಿದವಳು. ಬರಿಗಾಲು. ಈ ಬೂಷ್ಟು ನನ್ನ ಕಿಡ್ನಿಯೊಳಗೆ ಅಡಗಿ ಕೂತು ಅವಳಿಗೆ ಹೋದದ್ದಾ? ನಾನು ಕೊಟ್ಟದ್ದರಲ್ಲೇ ಇತ್ತಾ?"

ಆ ಹೆಂಗಸು ಎಷ್ಟು ರಾತ್ರಿಗಳಿಂದ ಇದನ್ನು ಹೊತ್ತುಕೊಂಡಿದ್ದರೋ! ನಾನು ಅವರನ್ನು ಬೆಂಚಿನಲ್ಲಿ ಕೂರಿಸಿ ಪಕ್ಕದಲ್ಲಿ ಕುಳಿತೆ. ಕಿಡ್ನಿಯಿಂದ ಬಂದದ್ದಾದರೆ ಹೊಲಿಗೆಯ ಹತ್ತಿರ, ಹೊಟ್ಟೆಯೊಳಗೆ, ಬಹಳ ಮೊದಲೇ ಕಾಣಿಸಿಕೊಳ್ಳಬೇಕಿತ್ತು. ಇದು ಪಾದದಲ್ಲಿ ಒಂಟಿಯಾಗಿ ಎದ್ದ ಗಂಟು, ಹೊರಗಿನಿಂದ ಮುಳ್ಳೋ ಕಡ್ಡಿಯೋ ಚುಚ್ಚಿ ಒಳಹೊಕ್ಕದ್ದು ಎಂದು ನಿಧಾನವಾಗಿ ಬಿಡಿಸಿ ಹೇಳಿದೆ.

ಅವರು ಕಣ್ಣೊರೆಸಿಕೊಂಡರು. ಆಮೇಲೆ ಹುಬ್ಬು ಗಂಟಾಯಿತು. "ಚುಚ್ಚುವುದು ಹೇಗೆ? ಅವಳನ್ನು ನಾನು ತೋಟಕ್ಕೆ ಕಾಲಿಡ್ಲಿಕ್ಕೆ ಬಿಡುವುದಿಲ್ಲ. ಕಿಡ್ನಿ ಡಾಕ್ಟ್ರು ಮಣ್ಣು ಮುಟ್ಟಬಾರದು ಹೇಳಿದ್ದಾರೆ. ಗಿಡ ಕತ್ತರಿಸುವುದು, ಗೊಬ್ಬರ ಹಾಕುವುದು, ಮೊಗ್ಗು ಕೊಯ್ಯುವುದು ಎಲ್ಲ ನಾನೇ."

ಲವೀನಾಳನ್ನು ಕೇಳಿದರೆ, "ನನಗೆ ಎಂತದೂ ಚುಚ್ಚಿಲ್ಲ" ಎಂದು ಬಾಗಿಲ ಕಡೆ ನೋಡಿದಳು.

ಮುಂದಿನ ವಾರ ಪಾದಕ್ಕೆ ಮಾತ್ರ ಮರಗಟ್ಟಿಸುವ ಸೂಜಿ ಕೊಟ್ಟು ಗಂಟನ್ನು ಪೂರ್ತಿ ತೆಗೆಯಲು ಕೈಹಾಕಿದೆ. ಚೀಲ ಹರಿಯದ ಹಾಗೆ ಸುತ್ತಲೂ ಬಿಡಿಸಿ ಹೊರಗೆ ತಂದೆ. ಅರ್ಧ ಫಾರ್ಮಾಲಿನ್‌ಗೆ, ಅರ್ಧ ಸಲೈನ್‌ಗೆ ಎಂದು ಸೀಳಿದಾಗ ಕತ್ತರಿಗೆ ಏನೋ ತಾಗಿತು. ಚಿಮುಟದಲ್ಲಿ ಎತ್ತಿ ಹಿಡಿದೆ. ಅಕ್ಕಿಕಾಳಿನಷ್ಟುದ್ದದ ಕಟ್ಟಿಗೆಯ ಚೂರು, ಕಪ್ಪಗಾಗಿದೆ.

"ಲವೀನಾ, ಇದೆಂತ?"

ಅವಳು ಎಚ್ಚರವಾಗಿಯೇ ಇದ್ದಳು. ತಲೆ ಎತ್ತಿ ನೋಡಿ, ಮತ್ತೆ ಮಲಗಿ, ಮುಖದ ಮೇಲೆ ಕೈ ಇಟ್ಟುಕೊಂಡಳು.

"ಡಾಕ್ಟ್ರೇ, ಅದನ್ನು ಮಾಂಯ್‌ಗೆ ತೋರಿಸಬೇಡಿ."

"ಯಾಕೆ?"

"ಅದು ಮಲ್ಲಿಗೆಯ ಗೆಲ್ಲು."

ಆಮೇಲೆ ಎಲ್ಲ ಹೊರಬಂತು. ಕಿಡ್ನಿ ಆಪರೇಶನ್ನಿಗೆ ಮೊದಲು ತೋಟದ ಗೆಲ್ಲು ಕತ್ತರಿಸುತ್ತಿದ್ದವಳು ಇವಳು. ಊರಿನಲ್ಲಿ ಅವಳ ಕೈಗೆ ಹೆಸರಿತ್ತು. ಈಗ ಆ ಕೆಲಸ ಅತ್ತೆಯ ಪಾಲಾಗಿತ್ತು. "ಅವರು ಕತ್ತರಿಸಿದ ಗಿಡ ನೋಡಿದರೆ ಅಳು ಬರ್ತದೆ ಡಾಕ್ಟ್ರೇ. ನಾಪಿತ ಅರ್ಧ ಕ್ಷೌರ ಮಾಡಿ ಊಟಕ್ಕೆ ಹೋದ ಹಾಗೆ! ನನಗೆ ಕಿಟಕಿಯಿಂದ ನೋಡ್ಲಿಕ್ಕೇ ಆಗ್ಲಿಲ್ಲ. ಅವರು ಊಟ ಆಗಿ ಮಲಗಿದಾಗ ಹೋಗಿ ಸ್ವಲ್ಪ ಸ್ವಲ್ಪ ಸರಿ ಮಾಡ್ತಿದ್ದೆ. ಒಂದು ದಿನ ಗೆಲ್ಲು ತುಳಿದೆ, ಅದು ಎಗರಿ ಪಾದಕ್ಕೆ ಹೊಕ್ಕಿತು. ಎಳೆದು ಬಿಸಾಡಿದೆ, ಮರ್ತೆ."

"ಅತ್ತೆಗೆ ಗೊತ್ತಾಗ್ಲಿಲ್ಲವಾ?"

"ಅವರು ಎಲ್ಲರ ಹತ್ರ ಹೇಳಿಕೊಂಡು ತಿರುಗ್ತಿದ್ದಾರೆ, ‘ಈ ಸಲ ನನ್ನ ಕೈಗೆ ಗಿಡ ಎಷ್ಟು ಚಂದ ಬಂದಿದೆ ನೋಡಿ’ ಅಂತ!"

ಇಷ್ಟು ಹೇಳಿ ಅವಳು ನಗತೊಡಗಿದಳು. ಮೇಜು ಅಲುಗಿತು. ನಾನು ಸೂಜಿ ಹಿಡಿದು ಹೊಲಿಗೆ ಹಾಕಲು ಕಾದೆ. ನಗು ನಿಂತಿತು ಎಂದು ಪಾದ ಹಿಡಿದರೆ ನನಗೇ ಬಂತು. ಸಿಸ್ಟರ್ ಗಂಭೀರವಾಗಿದ್ದವರು, ‘ನಾಪಿತ’ ಎಂದು ಒಮ್ಮೆ ಗೊಣಗಿ ಅವರೂ ಶುರುಮಾಡಿದರು. ಅಷ್ಟು ಹೊತ್ತು ಅಷ್ಟು ಸಣ್ಣ ಗಾಯವನ್ನು ನಾನು ಇನ್ನೊಮ್ಮೆ ಹೊಲಿದಿಲ್ಲ.

ಹೊರಗೆ ಕಾದಿದ್ದ ಜೂಲಿಯಾನಾ ಬಾಯಿ ನಗು ಕೇಳಿ ಬಾಗಿಲು ತಳ್ಳಿದರು. "ಒಳಗೆ ಎಂತ ಮಾಡ್ತಾ ಇದ್ದೀರಿ? ಕೊಯ್ಯುತ್ತಿದ್ದೀರಾ, ಮದುವೆ ಮಾಡಿಸ್ತಿದ್ದೀರಾ?"

ಆ ದಿನ ನಾನು ಬಾಯಿ ಬಿಡಲಿಲ್ಲ. ‘ಕಡ್ಡಿ ಚುಚ್ಚಿದ್ದು’ ಎಂದಷ್ಟೇ ಹೇಳಿದೆ.

ತಟ್ಟೆಯಲ್ಲಿ ಬೂಷ್ಟು ಏಳಲು ವಾರಗಳೇ ಬೇಕಾದವು. ಮೊದಲು ಡಾಂಬರಿನ ಹನಿಯ ಹಾಗೆ ಮಿನುಗಿ, ಆಮೇಲೆ ಬೂದುಗಪ್ಪು ಮಖಮಲ್ಲಿನ ಹಾಗೆ ಹರಡಿತು. ನಮ್ಮ ಕಾಲದಲ್ಲಿ ಅದರ ಬೀಜಗಳ ಆಕಾರ ನೋಡಿ ಹೆಸರು ಹೇಳುತ್ತಿದ್ದೆವು. ಆಗಷ್ಟೇ ಹೊಸ ಯಂತ್ರ ಬಂದಿತ್ತು, ಚಿಟಿಕೆ ಬೂಷ್ಟು ಹಾಕಿದರೆ ನಿಮಿಷದಲ್ಲಿ ಹೆಸರು ಕೊಡುತ್ತದೆ. ಹಾಕಿದೆವು. ‘ಗುರುತು ಸಿಗಲಿಲ್ಲ’ ಎಂದಿತು ಯಂತ್ರ. ಸರ್‌ಗೆ ಆದ ಸಂತೋಷ ಅಷ್ಟಿಷ್ಟಲ್ಲ. ಊಟದ ಹೊತ್ತಿನಲ್ಲಿ ಇಡೀ ಆಸ್ಪತ್ರೆಗೆ ಹೇಳಿಬಂದರು. ಕೊನೆಗೆ ಅದರ ವಂಶವಾಹಿ ಓದಿಸಲು ಹೊರಗೆ ಕಳಿಸಿ, ಎಕ್ಸೊಫಿಯಾಲಾ ಎಂಬ ಜಾತಿಯದೆಂದು ಖಚಿತಪಡಿಸಿಕೊಂಡೆವು. ಯಂತ್ರವನ್ನು ಬಳಸಿ ಮಕ್ಕಳೇ, ಆದರೆ ಅದು ಗೊತ್ತಿಲ್ಲ ಎಂದಾಗ ಸುಮ್ಮನಾಗಬೇಡಿ.

ನಿಜವಾದ ಭಯ ಬಂದದ್ದು ಆಮೇಲೆ. ಗಂಟು ತೆಗೆದರೂ ಒಳಗೆ ಉಳಿದಿರಬಹುದಾದ ಬೂಷ್ಟಿಗೆ ತಿಂಗಳುಗಟ್ಟಲೆ ಮಾತ್ರೆ ಕೊಡಬೇಕು. ಆ ಮಾತ್ರೆಗೊಂದು ಕೆಟ್ಟ ಗುಣ: ಕಿಡ್ನಿ ಉಳಿಸುವ ಮದ್ದನ್ನು ಅದು ಮೈಯಿಂದ ಬೇಗ ಹೊರಹೋಗಲು ಬಿಡುವುದಿಲ್ಲ. ಮದ್ದು ರಕ್ತದಲ್ಲಿ ಏರಿದರೆ ಕಿಡ್ನಿಗೇ ಏಟು. ಹೆಚ್ಚು ಇಳಿಸಿದರೆ ಮೈ ಕಿಡ್ನಿಯನ್ನು ನೂಕಿಬಿಡುತ್ತದೆ. ಕಿಡ್ನಿ ತಜ್ಞರಾದ ಶೆಣೈ ಡಾಕ್ಟರು ಮೊದಲೇ ಪ್ರಮಾಣ ಕಡಿಮೆ ಮಾಡಿದ್ದರು. ಆದರೂ ಮರುಪರೀಕ್ಷೆಗೆ ಬಂದ ಲವೀನಾಳ ಕೈ ನಡುಗುತ್ತಿತ್ತು. ಬಾಳೆನಾರಿನಲ್ಲಿ ಹೂ ಕಟ್ಟಲಿಕ್ಕೇ ಆಗುತ್ತಿಲ್ಲ ಎಂದಳು. ರಕ್ತದಲ್ಲಿ ಮದ್ದು ವಿಪರೀತ ಏರಿತ್ತು. ಕಿಡ್ನಿಯ ಪರೀಕ್ಷೆಯೂ ಕೆಟ್ಟಿತ್ತು. ಮತ್ತೆ ಇಳಿಸಿದರು. ಮತ್ತೆ ನೋಡಿದರೆ ಇಳಿಯಲೇ ಇಲ್ಲ.

ಲವೀನಾಳನ್ನು ವಾರ್ಡಿಗೆ ಸೇರಿಸಿಕೊಂಡೆವು. ಆ ಕಿಡ್ನಿ ಹೋದರೆ ಕೊಡಲು ಮನೆಯಲ್ಲಿ ಇನ್ನು ಯಾರೂ ಇಲ್ಲ. ಜೂಲಿಯಾನಾ ಬಾಯಿ ಮಂಚದ ಪಕ್ಕ ಕುಳಿತು ಯಾರನ್ನೂ ಬೈಯದೆ ಇದ್ದರು. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮರುದಿನ ಮಧ್ಯಾಹ್ನ ನಮ್ಮ ವಿಭಾಗದಲ್ಲಿ ಶೆಣೈ, ನಾನು ಇಬ್ಬರೂ ತಲೆಯ ಮೇಲೆ ಕೈಹೊತ್ತು ಕುಳಿತಿದ್ದೆವು. ಸರ್ ಮಾತ್ರ ಏನೋ ಸುಲಿದು ಸುಲಿದು ತಿನ್ನುತ್ತಿದ್ದರು.

"ಎಂತ ಸರ್ ಅದು?" ಕೇಳಿದರು ಶೆಣೈ.

"ಚಕ್ಕೋತ. ಆ ಜೂಲಿಯಾನಾ ಬಾಯಿ ಒಂದು ಚೀಲ ತಂದುಕೊಟ್ಟದ್ದು. ಮನೆಯ ಮರದ್ದಂತೆ. ಭಾರೀ ಸಿಹಿ. ತಕೊಳ್ಳಿ."

ಶೆಣೈ ಕುರ್ಚಿಯಿಂದ ಎದ್ದ ರಭಸಕ್ಕೆ ಚಕ್ಕೋತ ನೆಲಕ್ಕುರುಳಿತು. ಮೂವರೂ ವಾರ್ಡಿಗೆ ಓಡಿದೆವು. ಚಕ್ಕೋತವೂ ಆ ಮದ್ದನ್ನು ರಕ್ತದಲ್ಲಿ ಏರಿಸುವ ಹಣ್ಣು!

"ಬಾಯಿ, ಇವಳಿಗೆ ಚಕ್ಕೋತ ಕೊಡ್ತೀರಾ?" ಕೇಳಿದರು ಶೆಣೈ.

"ಮತ್ತೆ? ದಿನಾ ಬೆಳಿಗ್ಗೆ ಒಂದು ಲೋಟ ರಸ. ರಕ್ತ ಆಗ್ಲಿ ಅಂತ. ಕಾಲಿನ ಆಪರೇಶನ್ ಆದ ಮೇಲೆ ಎರಡು ಲೋಟ. ಇಲ್ಲಿಗೂ ಫ್ಲಾಸ್ಕಿನಲ್ಲಿ ತಂದಿದ್ದೇನೆ."

ಶೆಣೈ ವಿವರಿಸಿದರು. ಕೇಳುತ್ತಾ ಕೇಳುತ್ತಾ ಆ ಜೋರಿನ ಹೆಂಗಸಿನ ಮುಖ ಕುಗ್ಗಿ ಹೋಯಿತು. "ನಾನೇ ವಿಷ ಹಾಕಿದೆನಾ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಲವೀನಾ ದಿಂಬಿಗೆ ಒರಗಿ ಎದ್ದು ಕುಳಿತಳು. ನಡುಗುವ ಕೈಯಿಂದ ಅತ್ತೆಯ ಕೈ ಹಿಡಿದಳು.

"ಮಾಂಯ್, ಅಳಬೇಡಿ. ಆ ಕಡ್ಡಿ ಮಲ್ಲಿಗೆಯದ್ದು. ನೀವು ಮಲಗಿದಾಗ ನಾನು ತೋಟಕ್ಕೆ ಹೋಗ್ತಿದ್ದೆ. ಗಿಡ ಎಲ್ಲ ನಾನೇ ಕತ್ತರಿಸಿದ್ದು."

ಜೂಲಿಯಾನಾ ಬಾಯಿಯ ಅಳು ಅರ್ಧದಲ್ಲೇ ನಿಂತಿತು. "ಎಂತ? ನಾನು ಕತ್ತರಿಸಿದ್ದಲ್ವಾ ಅದು?"

"ನೀವು ಕತ್ತರಿಸಿದ್ದನ್ನು ಸರಿ ಮಾಡಿದ್ದು."

"ಸರಿ ಮಾಡಿದ್ದಾ! ನನ್ನದರಲ್ಲಿ ಎಂತ ಸರಿ ಇರ್ಲಿಲ್ಲ?"

ಅಲ್ಲಿಂದ ಶುರುವಾಯಿತು ನೋಡಿ. ಅರ್ಧ ಕನ್ನಡ, ಅರ್ಧ ಕೊಂಕಣಿ. ಪಕ್ಕದ ಮಂಚದವರು ಎದ್ದು ಕುಳಿತರು. ಶೆಣೈ ಬಿಡಿಸಲು ಹೋದರು. ಸರ್ ಅವರ ತೋಳು ಹಿಡಿದು, "ಬಿಡಿ ಮಾರಾಯ್ರೆ, ಇಬ್ಬರಿಗೂ ಜೀವ ಬಂತು" ಎಂದರು. ಜಗಳ ಎಲ್ಲಿ ನಗುವಾಯಿತೋ ನನಗೆ ತಿಳಿಯಲಿಲ್ಲ. ನೋಡಿದರೆ ಅತ್ತೆ ಸೊಸೆ ಒಬ್ಬರ ಭುಜಕ್ಕೊಬ್ಬರು ಹಣೆ ಕೊಟ್ಟು ನಗುತ್ತಿದ್ದರು, ಅಳುತ್ತಲೂ ಇದ್ದರು.

ಚಕ್ಕೋತ ನಿಂತಿತು. ವಾರದೊಳಗೆ ಮದ್ದಿನ ಪ್ರಮಾಣ ಇಳಿಯಿತು, ಕೈ ನಡುಕ ಹೋಯಿತು, ಕಿಡ್ನಿ ಮೊದಲಿನ ದಾರಿಗೆ ಬಂತು. ಗಂಟು ಮತ್ತೆ ಏಳಲಿಲ್ಲ. ಲವೀನಾ ಬೂಟು, ಕಾಲುಚೀಲ, ಕೈಗವಸು ಹಾಕಿ ತೋಟಕ್ಕೆ ಇಳಿಯಬಹುದು ಎಂದು ನಾವೇ ಒಪ್ಪಿಗೆ ಕೊಟ್ಟೆವು. ಬೇಡ ಎಂದರೆ ಕದ್ದು ಹೋಗುವವರಿಗೆ ಹೀಗೆ ಹೋಗಿ ಎನ್ನುವುದೇ ಮೇಲು.

ಬೂಷ್ಟಿನ ಮಾತ್ರೆ ಮುಗಿದ ಭಾನುವಾರ ಅವರ ಮನೆಯಲ್ಲಿ ನಮಗೆ ಊಟ. ನನಗೆ ಇಡ್ಲಿಯಂಥ ಮೆತ್ತನೆಯ ಸಾನ್ನಾ, ಕೋಳಿ ಸಾರು. ಸಸ್ಯಾಹಾರಿ ಸರ್‌ಗೆ ಅಲಸಂಡೆ ಸುಕ್ಕ, ತೆಂಗಿನಕಾಯಿ ಹಾಕಿದ ಒಣ ಪಲ್ಯ. ಸಂಜೆ ಎಲ್ಲರೂ ಕಾಪು ಕಡಲಿಗೆ ಹೋದೆವು. ದೀಪಸ್ತಂಭ ನೋಡಿದ್ದೇ ಲವೀನಾಳಿಗೆ ಹತ್ತುವ ಹುಚ್ಚು ಹಿಡಿಯಿತು. ಕಾಯಿಲೆಯ ದಿನಗಳಲ್ಲಿ ಇಗರ್ಜಿಯ ಮೆಟ್ಟಿಲು ಹತ್ತಲೂ ಅವಳಿಗೆ ಉಸಿರು ಸಾಲುತ್ತಿರಲಿಲ್ಲವಂತೆ. ಈಗ ಸುತ್ತುಮೆಟ್ಟಿಲಲ್ಲಿ ದಡದಡ ಮೇಲೆ ಹೋದಳು. ಹಿಂದಿನಿಂದ ನಾನು, ಸರ್. ಮಧ್ಯದಲ್ಲಿ ಜೂಲಿಯಾನಾ ಬಾಯಿ ಗೋಡೆಗೊರಗಿ, "ನೀವು ಹೋಗಿ, ನಾನು ಇಲ್ಲೇ ಸಾಯ್ತೇನೆ" ಎಂದರು. ಲವೀನಾ ತಿರುಗಿ ಇಳಿದು ಬಂದು ಅವರ ಕೈ ಹಿಡಿದು ಎಳೆಯುತ್ತಾ ಮೇಲೆ ಕರೆತಂದಳು. ತುದಿಯಲ್ಲಿ ಗಾಳಿಯೋ ಗಾಳಿ. ರೋಶನ್‌ಗೆ ವಿಡಿಯೋ ಕರೆ ಮಾಡಿದರು. ಅವನಿಗೆ ಗಾಳಿಯ ಸದ್ದಲ್ಲದೆ ಏನೂ ಕೇಳಿಸಲಿಲ್ಲ. ಅತ್ತೆ ಕಿರುಚಿದರು, ಸೊಸೆ ಕಿರುಚಿದಳು, ಕುವೈತ್‌ನಲ್ಲಿ ಅವನು ಸುಮ್ಮನೆ ಕೈಬೀಸುತ್ತಾ ನಗುತ್ತಿದ್ದ.

ಕೆಳಗಿಳಿದು ಬಂದಾಗ ಮೀನುಗಾರನೊಬ್ಬ ನನ್ನನ್ನು ಗುರುತು ಹಿಡಿದ. "ನೀವು ಚರ್ಮದ ಡಾಕ್ಟ್ರಲ್ವಾ? ಸ್ವಲ್ಪ ಇದು ನೋಡ್ತೀರಾ?" ಎಂದು ತೋಳು ಚಾಚಿದ. ಸರ್ ಭೂತಗನ್ನಡಿ ತೆಗೆದರು. ನಾನೂ ಬಗ್ಗಿದೆ. ತಲೆಗೆ ತಲೆ ಡಿಕ್ಕಿ ಹೊಡೆಯಿತು. ನಾವಿಬ್ಬರೂ ಹಣೆ ಉಜ್ಜಿಕೊಳ್ಳುವಷ್ಟರಲ್ಲಿ ಜೂಲಿಯಾನಾ ಬಾಯಿ ನಡುವೆ ನುಗ್ಗಿ ಅವನ ತೋಳು ಹಿಡಿದು ಬೆಳಕಿಗೆ ತಿರುಗಿಸಿದರು.

"ಇದು ಬೂಷ್ಟು. ಹೆದರ್ಲಿಕ್ಕೆ ಇಲ್ಲ. ಮದ್ದು ಅರ್ಧಕ್ಕೆ ಬಿಡಬಾರದು, ಗೊತ್ತಾಯ್ತಾ? ಬೇರೆ ಯಾವುದಾದರೂ ಮಾತ್ರೆ ತಕೊಳ್ತೀರಾ? ಎಂತೆಂತ ತಿಂತೀರಿ? ಎಲ್ಲ ಹೇಳಿ."

ನಿಜಕ್ಕೂ ಅದು ಬೂಷ್ಟೇ, ಬರೀ ಹುಳಕಡ್ಡಿ. ಅವನು ಕೈಕಟ್ಟಿ ನಿಂತು, ತಿನ್ನುವುದನ್ನೆಲ್ಲ ಒಂದೊಂದಾಗಿ ಒಪ್ಪಿಸಿ, "ಆಯ್ತು ಡಾಕ್ಟ್ರೇ" ಎಂದ, ಅವರಿಗೆ.

ಸರ್ ನನ್ನ ಮುಖ ನೋಡಿದರು. ನಾನು ಸರ್ ಮುಖ ನೋಡಿದೆ. ನಾವು ತಿದ್ದಲಿಲ್ಲ.